ಹುಮನಾಬಾದಿನಿಂದ ಬಂದ ಲೆಕ್ಕ

ದ್ರೌಪತಿ ಬಿಸಿಯೂಟದ ಸಾರಿನ ಪಾತೇಲಿ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ ಖುರ್ಷೀದ್ ಬೇಗಂ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತರು. ಖುರ್ಷೀದ್ ಬೇಗಂ ಆ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಗಣಿತ ಹೇಳುವ ಟೀಚರ್. ಊಟದ ಗಂಟೆ ಹೊಡೆಯುವ ಮೊದಲು ಅವರು ಈ ಕಡೆ ತಲೆ ಹಾಕುವವರಲ್ಲ. ಸಾರಿಗೆ ಉಪ್ಪು ಹೆಚ್ಚಾಗಿತ್ತೆಂದು ಯಾರೋ ಚಾಡಿ ಹೇಳಿರಬೇಕು ಎಂದು ದ್ರೌಪತಿಯ ಮನಸ್ಸು ನೇರ ಅಲ್ಲಿಗೇ ಓಡಿತು. ಅವಳ ಮನಸ್ಸೇ ಹಾಗೆ. ಎದುರಿಗೆ ಬಂದವರು ಸುಮ್ಮನೆ ನಕ್ಕರೂ ಅದರ ಹಿಂದೆ ಏನಿದೆ ಎಂದು ಹುಡುಕುವುದು.

ಟೀಚರ್ ಕೇಳಿದ್ದು ಉಪ್ಪಿನ ಮಾತಲ್ಲ.

“ದ್ರೌಪತಿಬಾಯಿ, ಸುಮೇಧಾಗ ಮನ್ಯಾಗ ಯಾರು ಪಾಠ ಹೇಳಾಕತ್ತಾರ?”

ಯಾರೂ ಇಲ್ಲ ಎಂದಳು ದ್ರೌಪತಿ. ಮೊಮ್ಮಗಳು ಏನಾದರೂ ತಪ್ಪು ಮಾಡಿದಳೇ ಎಂದು ಕೇಳಿದಳು. ತಪ್ಪು ಮಾಡಿಲ್ಲ, ಅದೇ ತಮಗೆ ಆಶ್ಚರ್ಯ ಎಂದರು ಟೀಚರ್. ಗುಣಾಕಾರದಲ್ಲಿ ಒಂದು ಸಂಖ್ಯೆ ಬಿಟ್ಟು ಅಲ್ಲಿ ಖಾಲಿ ಚೌಕ ಬರೆದು ಕೊಡುವ ಲೆಕ್ಕಗಳಿರುತ್ತವೆ. ಆರು ಗುಣಿಸು ಏನು, ನಲವತ್ತೆರಡು ಆಗಬೇಕಾದರೆ? ಸುಮೇಧಾಳಿಗೆ ಮಗ್ಗಿಯೆಲ್ಲ ಬಾಯಿಗೆ ಬರುತ್ತಿತ್ತು. ಆದರೆ ನಡುವಿನ ಒಂದು ಸಂಖ್ಯೆ ಕಿತ್ತುಕೊಂಡರೆ ಸಾಕು, ದಾರಿ ತಪ್ಪಿದವಳ ಹಾಗೆ ಕಣ್ಣು ಬಿಡುತ್ತಿದ್ದಳು. ನಲವತ್ತೆರಡರಲ್ಲಿ ಆರು ಕಳೆದು ಚೌಕದೊಳಗೆ ಮೂವತ್ತಾರು ಎಂದು ಬರೆದಿಡುತ್ತಿದ್ದಳು. ಎಷ್ಟು ಹೇಳಿದರೂ ಅದೇ ಮೂವತ್ತಾರು. ಈಗ ಈ ಹುಡುಗಿ ಒಂದೂ ತಪ್ಪಿಲ್ಲದೆ ಬರೆದಿದ್ದಾಳೆ.

“ನಾ ಮೊದಲ ನಕಲ ಮಾಡ್ಯಾಳ ಅಂತ ತಿಳಕೊಂಡೆ. ನನ್ನ ಟೇಬಲ್ ಹಂತ್ಯಾಕ ಒಬ್ಬಾಕಿನ್ನೇ ಕೂಡಿಸಿ ಬ್ಯಾರೇ ಲೆಕ್ಕ ಕೊಟ್ಟೆ. ಅವೂ ಸರಿ ಮಾಡಿದಳು. ಯಾರೋ ಛಲೋ ಕಲಿಸ್ಯಾರ ಬಿಡ್ರಿ,” ಎಂದು ಟೀಚರ್ ಹೊರಟುಹೋದರು.

ಬೇರೆ ಅಜ್ಜಿಯಾಗಿದ್ದರೆ ಹಿಗ್ಗುತ್ತಿದ್ದಳು. ದ್ರೌಪತಿ ಲೆಕ್ಕ ಹಾಕತೊಡಗಿದಳು. ಮನೆಯಲ್ಲಿ ಮಗುವಿಗೆ ಪಾಠ ಹೇಳುವವರು ಯಾರೂ ಇಲ್ಲ. ದ್ರೌಪತಿಗೆ ಸಹಿ ಹಾಕುವುದು ಬಿಟ್ಟರೆ ಅಕ್ಷರದ ಗೊಡವೆ ಅಷ್ಟಕ್ಕಷ್ಟೆ. ಮಗ ರತ್ನದೀಪ ಬೆಳಗ್ಗೆ ಎದ್ದರೆ ಮುಡಬಿ ದಾರಿಯಲ್ಲಿ ಆಟೋ ಓಡಿಸಲು ಹೋಗುತ್ತಾನೆ, ಬಂದ ಮೇಲೆ ಉಂಡು ಬಿದ್ದುಕೊಳ್ಳುತ್ತಾನೆ. ಮಗು ಹೊರಗೆ ಹೋಗಿ ಇರುವ ಜಾಗ ಒಂದೇ. ಶನಿವಾರ ಮಧ್ಯಾಹ್ನ ಅಪ್ಪ ಅಜೀತ ಬಂದು ಹುಮನಾಬಾದಿಗೆ ಕರೆದುಕೊಂಡು ಹೋಗುತ್ತಾನೆ, ರವಿವಾರ ಸಂಜೆ ಮತ್ತೆ ಬಸವಕಲ್ಯಾಣಕ್ಕೆ ತಂದು ಬಿಡುತ್ತಾನೆ. ಅಲ್ಲಿ ಅಪ್ಪನ ಎರಡನೆಯ ಹೆಂಡತಿ ರತ್ನಮಾಲಾ ಇದ್ದಾಳೆ.

ಹಾಗಾದರೆ ಕಲಿಸಿದವಳು ಅವಳೇ. ಯಾಕೆ ಕಲಿಸಿದಳು? ದ್ರೌಪತಿಗೆ ಅನ್ನ ಬಡಿಸುವಾಗಲೂ, ತಾಟು ತೊಳೆಯುವಾಗಲೂ ಇದೊಂದೇ ಯೋಚನೆ.

ಸುಮೇಧಾ ಇನ್ನೂ ಸರಿಯಾಗಿ ಮಾತು ಕಲಿಯುವ ಮೊದಲೇ ಅವಳ ತಾಯಿ ವೈಶಾಲಿ ಜ್ವರದಲ್ಲಿ ಹೋದಳು. ದ್ರೌಪತಿಯ ಒಬ್ಬಳೇ ಮಗಳು. ಅಳಿಯ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು, ಕೂಸನ್ನು ಹೇಗೆ ನೋಡಿಕೊಂಡಾನು? ದ್ರೌಪತಿ ಅಂದೇ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದವಳು ಈವರೆಗೆ ಇಳಿಸಿಲ್ಲ. ಅಳಿಯ ಮತ್ತೆ ಮದುವೆಯಾದಾಗ ಅವಳು ಅಡ್ಡ ಬರಲಿಲ್ಲ. ‘ಹುಡುಗಿ ಹತ್ತನೇತ್ತಾ ಪಾಸ್ ಆಗ್ಯಾಳ, ಸುಮೇಧಾನ ಓದಿನ ಕಡಿ ನೋಡ್ತಾಳ’ ಎಂದು ಅಜೀತ ಹೇಳಿದಾಗ ತಲೆ ಅಲ್ಲಾಡಿಸಿದಳು. ಅಂದಿನಿಂದಲೇ ಅವಳೊಳಗೆ ಒಂದು ಹುಳ ಹೊಕ್ಕಿತ್ತು: ಓದಿನ ಕಡೆ ನೋಡುವವಳು ಒಂದು ದಿನ ಮಗುವನ್ನೇ ಕೇಳುತ್ತಾಳೆ.

ಮೊದಮೊದಲು ಸುಮೇಧಾ ಹುಮನಾಬಾದಿಗೆ ಹೋಗಲು ಅಳುತ್ತಿದ್ದಳು. ಆ ಅಳು ಕೇಳಿ ದ್ರೌಪತಿಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಈಗ ಶನಿವಾರ ಬಂತೆಂದರೆ ಮಗು ತಾನೇ ಚೀಲ ತುಂಬಿಕೊಂಡು ಹೊಸ್ತಿಲ ಮೇಲೆ ಕೂತಿರುತ್ತದೆ. ಬರುವಾಗ ಜಡೆ ಬೇರೆ ತರಹ ಹೆಣೆದಿರುತ್ತದೆ. ಒಮ್ಮೆ ಫ್ರಾಕಿನ ಜೇಬಿನ ತುಂಬ ಹುಣಸೆ ಬೀಜ ಸಿಕ್ಕವು. ಯಾತಕ್ಕೆ ಎಂದರೆ ‘ಸುಮ್ಮ’ ಎಂದಳು. ಇನ್ನೊಮ್ಮೆ ಹಿತ್ತಲಲ್ಲಿ ಒಬ್ಬಳೇ ಗೋಡೆಯ ಕಡೆ ಮುಖ ಮಾಡಿ, ಕೈಯಲ್ಲಿ ಕಡ್ಡಿ ಹಿಡಿದು, ಯಾರಿಗೋ ಗದರಿಸುತ್ತಿದ್ದಳು. ‘ಕಳೀಬ್ಯಾಡ್ರಿ. ಸಾಲು ಮಾಡ್ರಿ. ಮೊದಲ ಸಾಲು ಮಾಡ್ರಿ’ ಎಂದು. ದ್ರೌಪತಿ ಹತ್ತಿರ ಬಂದ ಕೂಡಲೇ ಬಾಯಿ ಮುಚ್ಚಿಕೊಂಡಳು. ರತ್ನಮಾಲಾ ಮಗುವಿಗೆ ಹೀಗೆ ಗದರಿಸುತ್ತಾಳೋ ಏನೋ ಎಂದುಕೊಂಡಳು ದ್ರೌಪತಿ. ಆದರೆ ಮಗುವಿಗೆ ಯಾರಾದರೂ ‘ಮಾಡ್ರಿ’ ಎನ್ನುತ್ತಾರೆಯೇ? ಅದೊಂದು ಅವಳಿಗೆ ಬಗೆಹರಿಯಲಿಲ್ಲ.

ಅಂದು ಸಂಜೆ ರೊಟ್ಟಿ ತಟ್ಟುತ್ತ ಮೆಲ್ಲಗೆ ಕೇಳಿದಳು. ಟೀಚರ್ ನಿನ್ನನ್ನು ಹೊಗಳಿದರು, ನಿನಗೆ ಆ ಖಾಲಿ ಚೌಕದ ಲೆಕ್ಕ ಯಾರು ಹೇಳಿಕೊಟ್ಟರು ಎಂದು. ಸುಮೇಧಾ ಬೆಲ್ಲದ ಚೂರು ಚೀಪುತ್ತ ಕೂತಿದ್ದಳು.

“ಯಾರೂ ಹೇಳಿಕೊಟ್ಟಿಲ್ಲ,” ಎಂದಳು.

“ಹುಮನಾಬಾದಿನ ಸಣ್ಣವ್ವ ಹೇಳಿಕೊಡ್ತಾಳೇನು?”

ಮಗುವಿನ ಮುಖ ಒಮ್ಮೆಲೇ ಬಿಗಿಯಿತು. “ಅದು ಹೇಳಬಾರದು,” ಎಂದಳು. ಹೇಳಿದ ಮೇಲೆ, ಇಷ್ಟು ಕೂಡ ಹೇಳಬಾರದಿತ್ತು ಎಂದು ಗೊತ್ತಾಗಿ ಬೆಲ್ಲ ಬಿಟ್ಟು ಎದ್ದು ಹೋದಳು.

ತವೆಯ ಮೇಲಿನ ರೊಟ್ಟಿ ಹತ್ತಿತು. ದ್ರೌಪತಿಗೆ ಅದರ ಲಕ್ಷ್ಯ ಇರಲಿಲ್ಲ. ತಾನು ಹೊಟ್ಟೆ ಕಟ್ಟಿ ಬೆಳೆಸಿದ ಕೂಸು ತನ್ನಿಂದ ಮುಚ್ಚಿಡಲು ಕಲಿತಿದೆ. ಮುಚ್ಚಿಡು ಎಂದು ಕಲಿಸಿದವಳು ಇನ್ನೇನು ಕಲಿಸಿರಲಿಕ್ಕಿಲ್ಲ?

ಮರುದಿನ ಅವಳ ಜೊತೆ ಅಡುಗೆ ಮಾಡುವ ಸುಮನಬಾಯಿ ಈ ಬೆಂಕಿಗೆ ಎಣ್ಣೆ ಹೊಯ್ದಳು. ಸುಮನಬಾಯಿಗೆ ಊರ ಸಂಸಾರಗಳೆಲ್ಲ ಅಂಗೈಯಲ್ಲಿ. ಅವಳ ಪ್ರಕಾರ ಇದರಲ್ಲಿ ತಿಳಿಯದ್ದೇನೂ ಇಲ್ಲ. ಆ ಹೆಣ್ಣು ಮಾರ್ಕೆಟ್ಟಿನಲ್ಲಿ ಕಾಳು ಹಸನು ಮಾಡುವ ಕೆಲಸಕ್ಕೆ ಹೋಗುತ್ತಾಳೆ, ನಾಳೆ ತನ್ನದೊಂದು ಕೂಸು ಆದರೆ ಅದನ್ನು ಆಡಿಸಲು ಒಂದು ಹುಡುಗಿ ಬೇಕು. ಅದಕ್ಕೇ ಈಗಿನಿಂದ ಜಡೆ, ಪಾಠ, ಪ್ರೀತಿ. ಜೂನಿನಲ್ಲಿ ಶಾಲೆಯ ದಾಖಲೆ ಕಿತ್ತುಕೊಂಡು ಹೋಗುತ್ತಾರೆ, ನೀನು ನೋಡುತ್ತ ನಿಂದರುತ್ತೀ. ದ್ರೌಪತಿ ಬೇಳೆ ತೊಳೆಯುತ್ತಲೇ ಇದ್ದಳು, ನೀರು ತಿಳಿಯಾದ ಮೇಲೂ ತೊಳೆಯುತ್ತಿದ್ದಳು.

ಶನಿವಾರ ಅಜೀತ ಬಂದ. ಎಂದಿನಂತೆ ನೀರು ಕುಡಿದ, ಮಗಳ ಚೀಲ ಹೆಗಲಿಗೆ ಹಾಕಿಕೊಂಡ. ರವಿವಾರ ತನಗೆ ಡ್ಯೂಟಿ ಇದೆ, ಸಂಜೆ ಬಿಡಲು ಸ್ವಲ್ಪ ತಡವಾದೀತು ಎಂದ. ದ್ರೌಪತಿ ಆಗಲಿ ಎಂದಳು. ಮನಸ್ಸಿನಲ್ಲಿ ಆಗಲೇ ನಿರ್ಧಾರ ಆಗಿತ್ತು.

ರವಿವಾರ ಬೆಳಗ್ಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಳು. ಮೊಮ್ಮಗಳಿಗೆ ತಿಂಡಿ ತಂದೆ ಎಂದು ಹೇಳಿಕೊಳ್ಳಲು ಕೈಯಲ್ಲಿ ಏನಾದರೂ ಇರಬೇಕಲ್ಲ. ರತ್ನದೀಪ ತನ್ನ ಆಟೋದಲ್ಲಿ ಸಸ್ತಾಪುರ ಬಂಗ್ಲಾದವರೆಗೆ ಬಿಟ್ಟ. ಅಲ್ಲಿ ಹೈವೇಯ ಬದಿಗೆ ನಿಂತು ಹುಮನಾಬಾದಿನ ಬಸ್ಸು ಹತ್ತಿದಳು. ಫೋನ್ ಮಾಡಿ ಹೋಗಬಾರದೇನು ಎಂದು ಮಗ ಕೇಳಿದ್ದ. ಫೋನ್ ಮಾಡಿ ಹೋದರೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆಯೇ? ಬಸ್ಸು ರಾಜೇಶ್ವರ ದಾಟುವ ಹೊತ್ತಿಗೆ ಅವಳು ತಾನು ಕಾಣಲಿರುವುದನ್ನೆಲ್ಲ ಕಲ್ಪಿಸಿಕೊಂಡು ಮುಗಿಸಿದ್ದಳು. ಮಗು ಅಂಗಳ ಗುಡಿಸುತ್ತಿರುತ್ತದೆ. ಇಲ್ಲವೇ ಭಾಂಡೆ ತಿಕ್ಕುತ್ತಿರುತ್ತದೆ. ರತ್ನಮಾಲಾ ಮಂಚದ ಮೇಲೆ ಕೂತು ಲೆಕ್ಕ ಕೇಳುತ್ತಿರುತ್ತಾಳೆ, ತಪ್ಪಿದರೆ ಕಿವಿ ಹಿಂಡುತ್ತಾಳೆ. ಹೆದರಿಕೆಗೆ ಕಲಿತ ವಿದ್ಯೆ. ಅದಕ್ಕೇ ಮಗು ಬಾಯಿ ಬಿಡುವುದಿಲ್ಲ.

ಅಜೀತನ ಮನೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಬಾಗಿಲು ಅರ್ಧ ಮುಚ್ಚಿತ್ತು. ದ್ರೌಪತಿ ಚಪ್ಪಲಿಯ ಸಪ್ಪಳವಾಗದಂತೆ ಕಟ್ಟೆ ಹತ್ತಿ ಗೋಡೆಗೆ ಆತುಕೊಂಡು ನಿಂತಳು. ಒಳಗಿನಿಂದ ಗದರಿಸುವ ದನಿ ಬಂತು. ಅವಳು ಅಂದುಕೊಂಡಂತೆಯೇ ಗದರಿಕೆ. ಆದರೆ ದನಿ ಸುಮೇಧಾಳದು.

“ಮತ್ತ ಮೂವತ್ತಾರು ಬರದ್ರಿ ಸಣ್ಣವ್ವ. ನಾ ಏನು ಹೇಳೀನಿ? ಕಳೀಬ್ಯಾಡ್ರಿ.”

ದ್ರೌಪತಿ ಬಾಗಿಲ ಸಂದಿಯಿಂದ ಇಣುಕಿದಳು. ಸುಮೇಧಾ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಕೈಯಲ್ಲಿ ರೊಟ್ಟಿ ಮಗುಚುವ ಸಟ್ಟುಗ. ನೆಲದ ಮೇಲೆ ರತ್ನಮಾಲಾ ಮೊಣಕಾಲೂರಿ ಕೂತಿದ್ದಳು. ಎದುರಿಗೆ ಕಪ್ಪು ಪಾಟಿ, ಪಕ್ಕದಲ್ಲಿ ಹುಣಸೆ ಬೀಜದ ಗುಪ್ಪೆ. ಮದುವೆಯಾದ ಹೆಣ್ಣುಮಗಳು, ಬೈಸಿಕೊಂಡ ಹುಡುಗಿಯ ಹಾಗೆ ಸೆರಗಿನ ತುದಿಯಿಂದ ಪಾಟಿ ಒರೆಸುತ್ತಿದ್ದಳು.

“ಆರಾರು ಬೀಜದ ಒಂದೊಂದು ಸಾಲು ಮಾಡ್ರಿ,” ಎಂದಳು ಸುಮೇಧಾ, ಈಗ ಸ್ವಲ್ಪ ಮೆತ್ತಗೆ. “ನಲವತ್ತೆರಡು ಬೀಜ ಮುಗಿಯುತನಾ ಮಾಡ್ರಿ. ಆಮ್ಯಾಲ ಬೀಜ ಎಣಿಸಬ್ಯಾಡ್ರಿ, ಸಾಲು ಎಣಿಸ್ರಿ. ಎಷ್ಟು ಸಾಲು ಆದವು, ಅದೇ ಚೌಕದಾಗ ಕುಂದರ್ತದ.”

ರತ್ನಮಾಲಾ ಒಂದೊಂದೇ ಸಾಲು ಜೋಡಿಸಿದಳು. ತುಟಿ ಅಲ್ಲಾಡುತ್ತಿತ್ತು. ಕೊನೆಗೆ ಬೆರಳಿಟ್ಟು ಸಾಲುಗಳನ್ನು ಎಣಿಸಿ, ತಲೆ ಎತ್ತಿ, ಏಳು ಎಂದಳು. ಹಾಗಾದರೆ ಎಂಟು ಗುಣಿಸು ಏನು ಐವತ್ತಾರು, ಅದನ್ನು ಬೀಜ ಮುಟ್ಟದೆ ಹೇಳಬೇಕು ಎಂದಳು ಸುಮೇಧಾ. ರತ್ನಮಾಲಾ ಕಣ್ಣು ಮುಚ್ಚಿ ಎಂಟರ ಮಗ್ಗಿ ಗುನುಗಿದಳು. ಒಂದೊಂದಕ್ಕೆ ಒಂದೊಂದು ಬೆರಳು ಮಡಿಚುತ್ತ ಐವತ್ತಾರಕ್ಕೆ ಬಂದು ನಿಂತು ಬೆರಳು ನೋಡಿಕೊಂಡಳು. ಇದೂ ಏಳೇ, ಇದು ಹೇಗೆ ಏಳೇ ಬಂತು ಎಂದು ಅನುಮಾನದಿಂದ ಮಗುವಿನ ಮುಖ ನೋಡಿದಳು. ಬರಬಾರದೇನು ಎಂದು ಸುಮೇಧಾ ನಕ್ಕಳು.

ಅಷ್ಟರಲ್ಲಿ ದ್ರೌಪತಿಯ ಕೈಗಂಟು ಬಾಗಿಲಿಗೆ ತಾಗಿತು.

ರತ್ನಮಾಲಾ ತಿರುಗಿ ನೋಡಿದವಳು ಬಿಳಿಚಿಕೊಂಡಳು. ಮೊದಲು ಪಾಟಿಯನ್ನು ಮಂಚದ ಕೆಳಗೆ ತಳ್ಳಿದಳು, ಆಮೇಲೆ ಎದ್ದು ‘ಬರ್ರಿ ಅವ್ವಾರ’ ಎಂದು ಕಾಲಿಗೆ ನೀರು ತರಲು ಓಡಿದಳು. ಸುಮೇಧಾ ಮಂಚದಿಂದ ಇಳಿದು ಸಟ್ಟುಗ ಬೆನ್ನ ಹಿಂದೆ ಹಿಡಿದು ನಿಂತಳು. ಇಬ್ಬರ ಮುಖದ ಮೇಲೂ ಒಂದೇ ತರಹದ ಹೆದರಿಕೆ. ಅದನ್ನು ಕಂಡು ದ್ರೌಪತಿಗೆ ಒಂದು ಕ್ಷಣ ತಾನೇ ಪರಕೀಯಳು ಅನಿಸಿತು.

ಮಗುವನ್ನು ಅಂಗಡಿಗೆ ಸಕ್ಕರೆ ತರಲು ಕಳಿಸಿ ರತ್ನಮಾಲಾ ಎಲ್ಲ ಹೇಳಿದಳು. ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಅವಳ ತವರು ಬೇಮಳಖೇಡ. ಮೂರನೆಯ ಇಯತ್ತೆಯಲ್ಲಿದ್ದಾಗ ತಾಯಿ ಹಾಸಿಗೆ ಹಿಡಿದಳು, ಎಮ್ಮೆ ಕಾಯುವವರು ಬೇಕಾಯಿತು, ಶಾಲೆ ಅಲ್ಲಿಗೆ ಮುಗಿಯಿತು. ಅಜೀತನ ಸಂಬಂಧ ಬಂದಾಗ, ಓದಿದ ಹುಡುಗಿಯೇ ಬೇಕು, ಮಗಳಿಗೆ ಪಾಠ ಹೇಳಬೇಕು ಎಂದು ಅವರು ಕೇಳಿದರು. ಅಣ್ಣ ಸತೀಶಕುಮಾರ ಹಿಂದೆ ಮುಂದೆ ನೋಡದೆ ಹತ್ತನೇತ್ತಾ ಪಾಸ್ ಎಂದುಬಿಟ್ಟ. ಸಭೆಯಲ್ಲಿ ಅವಳು ಬಾಯಿ ಬಿಡುವಂತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಶನಿವಾರವೇ ಅಜೀತ ಮಗಳ ಗಣಿತದ ಪುಸ್ತಕ ತಂದು ಅವಳ ಮುಂದೆ ಇಟ್ಟು ಡ್ಯೂಟಿಗೆ ಹೋದ. ಖಾಲಿ ಚೌಕಗಳ ಪುಟ. ಅವಳೂ ಕಳೆದಳು, ಮಗುವೂ ಕಳೆದಿತ್ತು. ಇಬ್ಬರದೂ ಮೂವತ್ತಾರು.

“ಅಕಿಗಿ ತಿಳೀತ್ರಿ ಅವ್ವಾರ, ನನಗ ಬರೂದಿಲ್ಲ ಅಂತ. ಕೂಸು ನನ್ನ ಮಾರಿ ನೋಡಿ, ‘ಪಪ್ಪಾಗ ಹೇಳೂದಿಲ್ಲ ಬಿಡ್ರಿ’ ಅಂತು. ನಾನೇ ಅಂದೆ, ನೀ ಶಾಳ್ಯಾಗ ಟೀಚರ್ ಹೇಳೂದು ಚಂದಂಗ ಕೇಳ್ಕೊಂಡು ಬಾ, ಬಂದು ನನಗ ಹೇಳು. ಇಬ್ಬರೂ ಕೂಡಿ ಕಲಿಯೂಣು.”

ದ್ರೌಪತಿ ನೆಲದ ಮೇಲಿನ ಬೀಜದ ಸಾಲು ನೋಡಿದಳು. ಒಳಗಿನ ಗಂಟುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು. ಈ ಮಗುವನ್ನು ಈವರೆಗೆ ಎಲ್ಲರೂ ‘ಹೇಳು’ ಎಂದು ಒಪ್ಪಿಸಲು ಕೇಳಿದ್ದರು. ಮಗು ಮಗ್ಗಿ ತಡವರಿಸಿದಾಗ ತಾನೂ ತಲೆಗೆ ಮೊಟಕಿದ್ದಳು. ‘ನನಗೆ ತಿಳಿಯಲಿಲ್ಲ, ತಿಳಿಸು’ ಎಂದು ಯಾರೂ ಕೇಳಿರಲಿಲ್ಲ. ಶನಿವಾರ ಒಬ್ಬರು ಕಾಯುತ್ತಿರುತ್ತಾರೆ ಎಂದು ಗೊತ್ತಿದ್ದರಿಂದಲೇ ಮಗು ವಾರವೆಲ್ಲ ಕಿವಿ ತೆರೆದು ಕೂತಿತ್ತು.

ಇಷ್ಟು ತಿಳಿದರೂ ದ್ರೌಪತಿಯ ಮನಸ್ಸಿನ ಭಾರ ಪೂರ್ತಿ ಇಳಿಯಲಿಲ್ಲ. ಅವಳು ಉಂಡಳು, ಸಜ್ಜೆ ರೊಟ್ಟಿ ಕೊಟ್ಟಳು, ಚಹಾ ಕುಡಿದಳು. ‘ನಿಮ್ಮ ಅಳಿಯಾರಿಗೆ... ಅವರಿಗೆ ಹೇಳಬ್ಯಾಡ್ರಿ’ ಎಂದು ರತ್ನಮಾಲಾ ಗಂಡನ ವಿಷಯದಲ್ಲಿ ತಡವರಿಸಿ ಕೇಳಿಕೊಂಡಾಗ ಮಾತು ಕೊಡದೆ ಗಂಟು ಎತ್ತಿಕೊಂಡಳು. ಬಸ್ಸಿನಲ್ಲಿ ಮರಳಿ ಬರುವಾಗ ಅವಳ ತಲೆಯಲ್ಲಿ ಬೇರೆಯೇ ವಿಚಾರ ಎದ್ದಿತು. ನಾಳೆ ಅವರು ಮಗುವನ್ನು ಕೇಳಲು ಬಂದರೆ ತನ್ನ ಕೈಯಲ್ಲಿ ಈಗ ಒಂದು ಮಾತಿದೆ. ಆ ಮಾತು ಹೊರಬಿದ್ದರೆ ಅವರ ಬಾಯಿ ತಾನಾಗಿ ಮುಚ್ಚುತ್ತದೆ. ಈ ವಿಚಾರ ಬಂದದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಬದಲಾಗಿ, ಬಹಳ ದಿನಗಳ ಮೇಲೆ ಅಂದು ನಿರಾಳವಾಗಿ ನಿದ್ದೆ ಹತ್ತಿತು.

ಸುಮೇಧಾ ಮಾತ್ರ ಅಜ್ಜಿಯ ಮೇಲೆ ಕಣ್ಣಿಟ್ಟು ಕಾಯತೊಡಗಿದಳು. ಅಪ್ಪನ ಫೋನ್ ಬಂದರೆ ಬಂದು ಪಕ್ಕಕ್ಕೆ ನಿಲ್ಲುವಳು. ದ್ರೌಪತಿ ಸುಮನಬಾಯಿಯ ಜೊತೆ ದನಿ ತಗ್ಗಿಸಿ ಮಾತನಾಡಿದರೆ ನೀರು ಕುಡಿಯುವ ನೆಪದಲ್ಲಿ ಅಡುಗೆ ಕೋಣೆಗೆ ಬರುವಳು. ಏನು ಕೇಳುತ್ತೀ ಎಂದರೆ ‘ಏನಿಲ್ಲ’ ಎನ್ನುವಳು. ಆ ಕಣ್ಣು ಎಲ್ಲಿಯದು ಎಂದು ದ್ರೌಪತಿಗೆ ಗೊತ್ತಿತ್ತು. ತನ್ನದೇ.

ಬೇಸಿಗೆ ಸಮೀಪಿಸಿದಾಗ ಅವಳು ಹೆದರಿದ್ದ ದಿನ ಬಂತು. ಒಂದು ರವಿವಾರ ಅಜೀತ, ರತ್ನಮಾಲಾ ಇಬ್ಬರೂ ಮಗುವನ್ನು ಬಿಡಲು ಬಂದರು. ರತ್ನಮಾಲಾ ಬಸವಕಲ್ಯಾಣದ ಮನೆಗೆ ಬಂದದ್ದು ಅಪರೂಪ. ಅವಳು ಒಳಗೆ ಬಂದವಳೇ ಗೋಡೆಯ ಮೇಲಿನ ವೈಶಾಲಿಯ ಫೋಟೋಕ್ಕೆ ಕೈ ಮುಗಿದು ಮೂಲೆಯಲ್ಲಿ ಕೂತಳು. ಅಜೀತ ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಬಿಸಿಲಿನ ಮಾತು, ನೀರಿನ ಮಾತು ಆಡಿದ. ಆಮೇಲೆ ವಿಷಯಕ್ಕೆ ಬಂದ.

“ಅತ್ತಿ, ನೀವು ಸಿಟ್ಟಾಗಬ್ಯಾಡ್ರಿ. ಟೀಚರ್ ನನಗೂ ಸಿಕ್ಕಿದ್ರು, ಸುಮೇಧಾ ಗಣಿತದಾಗ ಭಾಳ ಮುಂದ ಬಂದಾಳ ಅಂದ್ರು. ಅದೆಲ್ಲ ರತ್ನಮಾಲಾ ಕೂಡಿಸ್ಕೊಂಡು ಹೇಳಿಕೊಟ್ಟದ್ದರ ಫಲ. ವಾರಕ್ಕೊಂದು ದಿನ ಕಲಿಸಿದ್ರ ಇಷ್ಟು, ದಿನಾ ಕಲಿಸಿದ್ರ ಎಷ್ಟಾದೀತು? ಜೂನ್‌ದಿಂದ ಹುಮನಾಬಾದ್‌ದಾಗೇ ಶಾಳ್ಯಾಕ ಹಾಕೂಣು ಅಂತ.”

ದ್ರೌಪತಿ ಇಷ್ಟು ದಿನ ಕಾದಿದ್ದ ಬಾಗಿಲು ಅವಳ ಮುಂದೆ ತಾನಾಗಿ ತೆರೆದುಕೊಂಡಿತ್ತು. ಅಳಿಯ ತನ್ನ ಮಾತನ್ನೆಲ್ಲ ಯಾವ ಕಂಬದ ಮೇಲೆ ನಿಲ್ಲಿಸಿದ್ದನೋ ಆ ಕಂಬವೇ ಪೊಳ್ಳು. ಒಂದು ಕೈ ಹಾಕಿದರೆ ಸಾಕು.

“ಅಜೀತಪ್ಪ, ಮೊದಲ ನೀವು ನಿಮ್ಮ ಹೆಂಡತೀನ ಒಂದು ಮಾತು ಕೇಳ್ರಿ,” ಎಂದಳು.

ಅಷ್ಟು ಹೇಳಿ ಮೂಲೆಯ ಕಡೆ ನೋಡಿದಳು. ರತ್ನಮಾಲಾ ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದಲ್ಲಿ ನಿಂತಿದ್ದ ಸುಮೇಧಾ ಅಜ್ಜಿಯನ್ನೇ ದಿಟ್ಟಿಸುತ್ತಿದ್ದಳು, ರೆಪ್ಪೆ ಅಲ್ಲಾಡಿಸದೆ. ಅಳುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ. ಅಜ್ಜಿ ಎಂಥವಳು ಎಂದು ಈಗ ಗೊತ್ತಾಗಲಿದೆ ಎಂಬಂತೆ ಕಾಯುತ್ತಿದ್ದಳು. ದ್ರೌಪತಿಯ ಮುಂದಿನ ಮಾತು ನಾಲಿಗೆಯ ಮೇಲೆಯೇ ಇತ್ತು. ಆದರೆ ಹೊರಗೆ ಬರಲಿಲ್ಲ.

“ಏನು ಕೇಳಬೇಕ್ರಿ?” ಎಂದ ಅಜೀತ.

“ಏನಿಲ್ಲ. ಅಕಿಗಿ ಕೆಲಸಾ, ಮನಿ, ಎಲ್ಲಾ ನೀಗ್ತದೇನು ಅಂತ ಕೇಳ್ರಿ.”

ಮಾತು ತಿರುಗಿತು, ಆದರೆ ಚಂದವಾಗಿ ತಿರುಗಲಿಲ್ಲ. ಅಜೀತ ಅತ್ತೆಯ ಮುಖ, ಹೆಂಡತಿಯ ಮುಖ, ಮಗಳ ಮುಖ ಒಂದೊಂದಾಗಿ ನೋಡಿದ. ಮೂವರಿಗೂ ಗೊತ್ತಿರುವುದು ಏನೋ ಇದೆ, ತನಗೊಬ್ಬನಿಗೇ ಗೊತ್ತಿಲ್ಲ ಎಂದು ಅವನಿಗೆ ಅನಿಸಿರಬೇಕು. ಏನು ಮುಚ್ಚಿಡುತ್ತಿದ್ದೀರಿ ಎಂದು ದನಿ ಏರಿಸಿ ಕೇಳಿದ.

ರತ್ನಮಾಲಾ ಎದ್ದು ನಿಂತಳು. ದ್ರೌಪತಿ ಇವತ್ತು ಬಿಟ್ಟರೂ ನಾಳೆ ಹೇಳದೆ ಬಿಡುವವಳಲ್ಲ ಎಂದು ಅವಳು ನಂಬಿದ್ದಳು. ಆ ನಂಬಿಕೆ ಪೂರ್ತಿ ತಪ್ಪೂ ಆಗಿರಲಿಲ್ಲ.

“ನಾ ಸುಮೇಧಾಗ ಹೇಳಿಕೊಟ್ಟಿಲ್ರಿ. ಸುಮೇಧಾ ನನಗ ಹೇಳಿಕೊಟ್ಟಾಳ. ನಾ ಮೂರನೇತ್ತಾದಾಗ ಶಾಳಿ ಬಿಟ್ಟಾಕಿ. ಅಣ್ಣ ನಿಮಗ ಸುಳ್ಳು ಹೇಳ್ಯಾನ, ನಾ ಸುಮ್ಮ ಕುಂತೀನಿ. ತಪ್ಪು ನಂದೂ ಅದ.”

ಅಜೀತ ಬೈಯಲಿಲ್ಲ. ಕೈಯೆತ್ತುವ ಮನುಷ್ಯನೂ ಅವನಲ್ಲ. ಮಗಳ ಕಡೆ ತಿರುಗಿ ಕೇಳಿದ, ನಿನಗೆ ಎಂದಿನಿಂದ ಗೊತ್ತು ಎಂದು. ಮೊದಲಿನಿಂದ ಎಂದಳು ಸುಮೇಧಾ. ಅವನ ಮುಖ ಆಗ ಕಳೆಗುಂದಿತು. ಸುಳ್ಳಿಗಿಂತ ಹೆಚ್ಚಾಗಿ ಅವನಿಗೆ ತಟ್ಟಿದ್ದು ಅದೇ: ಅಷ್ಟು ಸಣ್ಣ ಮಗು ಕೂಡ ತನ್ನನ್ನು ನಂಬಿ ಹೇಳಲಿಲ್ಲ. ಇಟ್ಟ ಚಹಾ ಮುಟ್ಟದೆ ಎದ್ದು ಹೊರಗೆ ಹೋದ. ರತ್ನಮಾಲಾ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಓಣಿಯುದ್ದಕ್ಕೂ ಒಂದು ಮಾರು ಅಂತರದಲ್ಲಿ ನಡೆದಳು. ದ್ರೌಪತಿ ಅವರಿಬ್ಬರೂ ತಿರುವು ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದಳು.

ಒಳಗೆ ಬಂದರೆ ಸುಮೇಧಾ ಗೋಡೆಗೆ ಮುಖ ಮಾಡಿ ಕೂತಿದ್ದಳು.

“ನೀನೇ ಹೇಳಿದಿ ಆಯಿ. ಪಪ್ಪಾಗ ಮೊದಲೇ ಹೇಳಿ ಕರಸೀದಿ.”

ತಾನು ಹೇಳಲಿಲ್ಲ ಎಂದು ದ್ರೌಪತಿ ಆಣೆ ಮಾಡಿದಳು. ನಿನ್ನ ಎದುರಿಗೇ ನಾನು ಸುಮ್ಮನಾಗಲಿಲ್ಲವೇ ಎಂದಳು. ಮಗು ನಂಬಲಿಲ್ಲ. ಅಂದು ಊಟ ಮಾಡಲಿಲ್ಲ, ಮರುದಿನ ಶಾಲೆಯಲ್ಲಿ ಅಜ್ಜಿ ಬಡಿಸುವ ಸಾಲಿನಲ್ಲಿ ಕೂರದೆ ಸುಮನಬಾಯಿ ಬಡಿಸುವ ಸಾಲಿನಲ್ಲಿ ಹೋಗಿ ಕೂತಳು. ದ್ರೌಪತಿಗೆ ಬಾಯಿ ಬಿಟ್ಟು ಹೇಳಿಕೊಳ್ಳಲಾಗದ ಸಂಕಟ. ಮಾಡದ ತಪ್ಪಿಗೆ ಬೈಸಿಕೊಂಡರೆ ಸಿಟ್ಟಾದರೂ ಬರುತ್ತದೆ. ಇದು ಮಾಡಲು ಹೊರಟು ಅರ್ಧಕ್ಕೆ ನಿಲ್ಲಿಸಿದ ತಪ್ಪು. ‘ಏನಾಯ್ತು, ಜಗಳ ಆಯ್ತೇನು, ಇನ್ನ ಕೂಸಿನ ಕೇಳೂದಿಲ್ಲ ಬಿಡು’ ಎಂದು ಸುಮನಬಾಯಿ ಹುರುಪಿನಿಂದ ಕೇಳಿದಾಗ, ನಮ್ಮ ಮನೆಯ ಮಾತು ನಮಗಿರಲಿ ಎಂದು ಮೊದಲ ಬಾರಿ ಅವಳ ಬಾಯಿ ಮುಚ್ಚಿಸಿದಳು.

ಮುಂದಿನ ಶನಿವಾರ ಅಜೀತ ಬರಲಿಲ್ಲ. ಸುಮೇಧಾ ಚೀಲ ಕಟ್ಟಿಕೊಂಡು ಕತ್ತಲಾಗುವವರೆಗೆ ಹೊಸ್ತಿಲ ಮೇಲೆ ಕೂತಿದ್ದು ಎದ್ದಳು. ಹೀಗೇ ಯಾರೂ ಬಾರದಿರಲಿ ಎಂದು ತಾನು ಎಷ್ಟು ಸಲ ಬೇಡಿಕೊಂಡಿದ್ದೆ ಎಂದು ನೆನೆದು ದ್ರೌಪತಿ ತಡೆಯಲಾರದೆ ಹುಮನಾಬಾದಿಗೆ ಫೋನ್ ಹಚ್ಚಿದಳು. ಎತ್ತಿದವಳು ರತ್ನಮಾಲಾ. ಅವರು ಮಾತು ಬಿಟ್ಟಿದ್ದಾರೆ, ಆದರೆ ಉಣ್ಣುತ್ತಾರೆ ಎಂದಳು.

“ಅಕಿ ನನ್ನ ಮ್ಯಾಲ ಶಕ್ ಮಾಡಾಕತ್ತಾಳ. ನಾ ಹೇಳಿಲ್ಲ ಅಂತ ನೀನರ ಹೇಳು,” ಎಂದಷ್ಟೇ ಹೇಳಿ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು.

ಆ ಕಡೆಯಿಂದ ಏನು ಹೇಳಿದಳೋ ದ್ರೌಪತಿ ಕೇಳಿಸಿಕೊಳ್ಳಲಿಲ್ಲ. ಕದ್ದು ಕೇಳುವ ಮನಸ್ಸಾಯಿತು. ಬಾಗಿಲವರೆಗೆ ಬಂದು ಹಿಂದಿರುಗಿದಳು. ಸುಮೇಧಾ ಹಿತ್ತಲಿಗೆ ಬಂದು, ಹಸಿವಾಗಿದೆ ಎಂದಳು.

ಶಾಲೆಗೆ ರಜೆ ಬೀಳುವ ಮುಂಚಿನ ಶನಿವಾರ ಮಧ್ಯಾಹ್ನ ರತ್ನಮಾಲಾ ಒಬ್ಬಳೇ ಬಸ್ಸಿಳಿದು ಬಂದಳು. ಅಜೀತ ಅವಳನ್ನು ಕಳಿಸಿದ್ದ. ಮಾತು ಶುರುವಾಗಿದೆ ಎಂದಳು. ಮೊದಲೇ ಹೇಳಿದ್ದರೆ ನಾನೇ ಕಲಿಸುತ್ತಿರಲಿಲ್ಲವೇ ಎಂದು ಅವನು ಕೇಳಿದನಂತೆ.

“ನೀವೇನು ಅಂದ್ರಿ?” ಎಂದು ಕೇಳಿದ ದ್ರೌಪತಿ ನಾಲಿಗೆ ಕಚ್ಚಿಕೊಂಡಳು. ಈ ಹುಡುಗಿಗೆ ತನ್ನ ಬಾಯಿಂದ ಬಹುವಚನ ಹೇಗೆ ಬಂತೋ ಅವಳಿಗೇ ಗೊತ್ತಾಗಲಿಲ್ಲ.

“ಕಲಿಸ್ತಿದ್ರಿ ಖರೇ, ಆದರ ನೀವು ಮ್ಯಾಲ ಕೂಡ್ತಿದ್ರಿ, ನಾ ಕೆಳಗ ಕೂಡ್ತಿದ್ದೆ ಅಂದೆ. ಸುಮೇಧಾನೂ ಮ್ಯಾಲೇ ಕುಂತಿದ್ದಳಲ್ಲ ಅಂದ್ರು. ಅಕಿ ಕೂಸ್ರಿ, ಅಕಿ ಮುಂದ ನಾಚಿಕಿ ಬರೂದಿಲ್ಲ ಅಂದೆ. ಅದಕ್ಕ ನಕ್ಕರು.”

ಸಂಜೆ ದ್ರೌಪತಿ ಅವಳನ್ನು ಖುರ್ಷೀದ್ ಬೇಗಂ ಅವರ ಮನೆಗೆ ಕರೆದುಕೊಂಡು ಹೋದಳು. ಯಾಕೆ ಎಂದು ದಾರಿಯಲ್ಲಿ ರತ್ನಮಾಲಾ ಎರಡು ಸಲ ಕೇಳಿದಳು, ಹೆಜ್ಜೆ ನಿಧಾನ ಮಾಡಿದಳು. ತನ್ನನ್ನು ಟೀಚರ್ ಮುಂದೆ ನಿಲ್ಲಿಸಿ ಅವಮಾನ ಮಾಡುತ್ತಾರೆಂದು ಅವಳಿಗೆ ಅನುಮಾನ. ದ್ರೌಪತಿ ಅದನ್ನು ತಿಳಿದೂ ಸಮಾಧಾನ ಹೇಳಲಿಲ್ಲ. ನಡೆ ಎಂದಳು. ಟೀಚರ್ ಬಾಗಿಲು ತೆರೆದಾಗ, ಸುಮೇಧಾಳಿಗೆ ಯಾರು ಪಾಠ ಹೇಳುತ್ತಾರೆಂದು ನೀವು ಅಂದು ಕೇಳಿದ್ದಿರಲ್ಲ, ಸುಮೇಧಾಳೇ ಇವಳಿಗೆ ಪಾಠ ಹೇಳಿದ್ದು, ಇನ್ನು ಮುಂದೆ ನೀವು ಹೇಳಬೇಕು, ಹತ್ತನೇತ್ತಾ ಪರೀಕ್ಷೆಗೆ ಕೂರುವವರೆಗೆ ಎಂದಳು. ಖುರ್ಷೀದ್ ಬೇಗಂ ನಗದೆ, ಮರುಗದೆ, ರತ್ನಮಾಲಾಳನ್ನು ಒಳಗೆ ಕರೆದು ಒಂದು ಹಾಳೆ ಕೊಟ್ಟರು. ಒಂಬತ್ತು ಗುಣಿಸು ಖಾಲಿ ಚೌಕ, ಎಪ್ಪತ್ತೆರಡು. ರತ್ನಮಾಲಾ ಬೆರಳು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿ ಎಂಟು ಎಂದು ಬರೆದಳು. ಜೊತೆಗೆ ಬಂದಿದ್ದ ಸುಮೇಧಾ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದಿದ್ದಳು. ದ್ರೌಪತಿಗೆ ಉತ್ತರ ಸರಿಯೋ ತಪ್ಪೋ ಗೊತ್ತಾಗಲಿಲ್ಲ, ಮೊಮ್ಮಗಳ ಮುಖ ನೋಡಿ ಸರಿ ಎಂದು ತಿಳಿದಳು.

ಮಗು ಎಲ್ಲಿರಬೇಕೆಂಬ ಮಾತು ಆಮೇಲೆ ಫೋನಿನಲ್ಲಿ ಮುಗಿಯಿತು. ಐದನೆಯ ಇಯತ್ತೆಯವರೆಗೆ ಇಲ್ಲೇ. ಆರನೆಯದಕ್ಕೆ ಹುಮನಾಬಾದು. ಅಲ್ಲಿಯವರೆಗೆ ಒಂದು ಶನಿವಾರ ಮಗು ಅಲ್ಲಿಗೆ ಹೋಗುವುದು, ಇನ್ನೊಂದು ಶನಿವಾರ ರತ್ನಮಾಲಾ ಪಾಠಕ್ಕೆ ಇಲ್ಲಿಗೆ ಬರುವುದು. ದ್ರೌಪತಿ ಒಪ್ಪಿದಳು. ಒಪ್ಪಿದ ಮೇಲೂ ಮನಸ್ಸು ಮೂಲೆಯಲ್ಲಿ ಕೂತು ಹುಡುಕುತ್ತಲೇ ಇತ್ತು: ಇಷ್ಟು ಬೇಗ ಯಾಕೆ ಒಪ್ಪಿದರು, ನಡುವೆ ಇನ್ನೇನಾದರೂ ಯೋಚನೆ ಇದೆಯೋ ಹೇಗೆ.

ಹಾಗೆ ಪಾಠಕ್ಕೆ ಬಂದಿದ್ದ ರತ್ನಮಾಲಾಳನ್ನು ಬಸ್ಸಿಗೆ ಹತ್ತಿಸಿ ಮರಳುವಾಗ ದ್ರೌಪತಿ ಮೊಮ್ಮಗಳನ್ನು ಕೇಳಿದಳು.

“ಖರೇ ಹೇಳು. ನಿನಗ ಅಲ್ಲಿ ಛಲೋ ಅನಿಸ್ತದೋ, ಇಲ್ಲಿ ಛಲೋ ಅನಿಸ್ತದೋ?”

ಸುಮೇಧಾ ನಡೆಯುವುದನ್ನು ನಿಲ್ಲಿಸಿ ಅಜ್ಜಿಯ ಮುಖವನ್ನು ಚೆನ್ನಾಗಿ ನೋಡಿದಳು.

“ಯಾಕ ಕೇಳಾಕತ್ತಿ?”

“ಸುಮ್ಮ ಕೇಳಿದೆ.”

ಮಗು ಇನ್ನೂ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಅಜ್ಜಿಯ ಕೈ ಹಿಡಿದುಕೊಂಡು ಮನೆಯ ಕಡೆ ಎಳೆಯಿತು.